ಹೆಚ್ಚಾಗಿ ಒತ್ತಿದ ಐದು ಅಕ್ಷರ

ಯಶೋಧರಾ ಶಿವಮೊಗ್ಗದ ದುರ್ಗಿಗುಡಿಯವಳು. ಹದಿನಾಲ್ಕು ವರ್ಷ ಟೈಪ್‌ರೈಟರ್ ಕುಟ್ಟಿದ ಕೈ. ಅಕ್ಷರ ಮಸುಕಾಗಿ ಬಿದ್ದರೆ ಅದರ ಮೇಲೇ ಇನ್ನೊಮ್ಮೆ ಕುಟ್ಟಿಬಿಡುವಳು. ತೊಂಬತ್ತಾರರಲ್ಲಿ ಭದ್ರಾವತಿಯ ನಮ್ಮ ಕಾರ್ಖಾನೆ ಆಫೀಸಿಗೆ ಎಂಟು ಕಂಪ್ಯೂಟರ್ ಪರದೆ ಬಂದಾಗ ಒಂದರ ಮುಂದೆ ಅವಳನ್ನು ಕೂರಿಸಿದರು. ನಾನು ಅಲ್ಲಿ ಕಸ ಗುಡಿಸಿ ಟೀ ಕೊಡುತ್ತಿದ್ದೆ.

ದೊಡ್ಡ ಯಂತ್ರ ಇದ್ದದ್ದು ಶಿವಮೊಗ್ಗದಲ್ಲಂತೆ. ಇಲ್ಲಿ ಒತ್ತಿದ ಅಕ್ಷರ ಎಲ್ಲ ಪರದೆಗೂ ಒಂದೇ ಆದ ಮೂಲೆಯ ಪೆಟ್ಟಿಗೆ ಸೇರಿ, ಅಲ್ಲಿಂದ ತಂತಿ ಹಿಡಿದು ಶಿವಮೊಗ್ಗಕ್ಕೆ ಹೋಗಿ, ವಾಪಸ್ ಬಂದ ಮೇಲೇ ಪರದೆಯಲ್ಲಿ ಮೂಡುವುದು.

ಅವತ್ತು ಅವಳು ದಿನಗೂಲಿಯವರ ಪಟ್ಟಿಯಿಂದ ಇಲ್ಲದವರ ಹೆಸರು ತೆಗೆಯುತ್ತಿದ್ದಳು. ಒಂದೊಂದೇ ಹೆಸರು ಬಂದು, ತೆಗೆಯಲಾ ಅಂತ ಕೇಳುತ್ತೆ. ಹೌದು ಅನ್ನುವುದಕ್ಕೆ ವೈ ಅಕ್ಷರ ಒತ್ತಿದರೆ ಹೆಸರು ಹೋಯಿತು. ದಿನಾ ಬೆಳಿಗ್ಗೆ ಶಿವಮೊಗ್ಗದಿಂದ ಅಚ್ಚಾಗಿ ಬರುವ ಪಟ್ಟಿಯಲ್ಲಿಲ್ಲದವನನ್ನು ಗೇಟಿನವರು ಒಳಗೆ ಬಿಡುವುದಿಲ್ಲ. ತೀರಿಹೋಗಿದ್ದ ಭೈರಪ್ಪನ ಹೆಸರಿಗೆ ವೈ ಒತ್ತಿದಳು. ಮೂಡಲಿಲ್ಲ. ಹಳೇ ಕೈ, ಮತ್ತೆ ಕುಟ್ಟಿತು. ಮತ್ತೂ ಕುಟ್ಟಿತು.

ಶಿವಮೊಗ್ಗದಲ್ಲಿ ಯಂತ್ರ ನೋಡಿಕೊಳ್ಳುವ ಶಿವರಾಜ್‌ಗೆ ಫೋನ್ ಮಾಡಿದಳು. ಅವನ ದನಿ ನನಗೂ ಕೇಳುತ್ತಿತ್ತು.

"ಎಷ್ಟು ಸಲ ಒತ್ತಿದ್ರಿ?"

"ಆರು."

"ಲೈನ್ ನಿಂತಿದೆ ಮಾರಾಯ್ತಿ. ಅವೆಲ್ಲ ಪೆಟ್ಟಿಗೆಯಲ್ಲೇ ಕಾಯ್ತಾ ಕೂತಿರ್ತವೆ. ಲೈನ್ ಬಂದ ತಕ್ಷಣ ಸಾಲಾಗಿ ಹೊರಡ್ತವೆ. ಒಂದು ಭೈರಪ್ಪಂಗೆ, ಮಿಕ್ಕಿದ್ದು ಮುಂದಿನ ಐದು ಜನಕ್ಕೆ. ಪೆಟ್ಟಿಗೆ ಆಫ್ ಮಾಡಿದ್ರೆ ಅಳಿಸಿಹೋಗ್ತವೆ."

"ಲೈನ್ ಯಾವಾಗ ಬರುತ್ತೆ?"

"ಈಗಲೂ ಬರಬಹುದು."

ಅವಳು ಕಾಗದದ ಪಟ್ಟಿಯ ಮೇಲೆ ಬೆರಳಿಟ್ಟಳು. "ಮುಂದಿನವರು ಪುಟ್ಟಯ್ಯ, ಜನ್ನಾಪುರ."

ಅದು ನಮ್ಮ ಮನೆಯವರ ಹೆಸರು.

ಆ ಪೆಟ್ಟಿಗೆ ಮುಟ್ಟಿದವರ ಕೆಲಸ ಹೋಗುತ್ತೆ ಅಂತ ಸೂಪರ್‌ವೈಸರ್ ಮೂರ್ತಪ್ಪ ಗೋಡೆಗೆ ಚೀಟಿ ಅಂಟಿಸಿದ್ದರು. ಯಶೋಧರಾ ಎದ್ದುಹೋಗಿ ಪ್ಲಗ್ ಕಿತ್ತಳು. ಉಳಿದ ಏಳು ಪರದೆಯೂ ಸತ್ತವು. ಎಲ್ಲರೂ ಗೊಣಗಿದರು.

"ಟೈಪಿಂಗ್ ಸ್ಕೂಲಲ್ಲಿ ಪ್ಲಗ್ ಕೀಳೋದನ್ನೂ ಕಲಿಸ್ತಾರೇನಮ್ಮ?" ಅಂದರು ಮೂರ್ತಪ್ಪ.

"ನಾಳೆ ಪಟ್ಟಿ ಬರಲಿ ಸಾರ್, ಆಮೇಲೆ ಬೈಯಿರಿ."

ಸಂಜೆವರೆಗೂ ಲೈನ್ ಬರಲಿಲ್ಲ. ಪ್ಲಗ್ ಕೀಳುವ ಮೊದಲೇ ಒಂದೆರಡು ಅಕ್ಷರ ನುಸುಳಿ ಹೋಗಿದ್ದರೆ? ಯಾರಿಗೂ ಗೊತ್ತಿರಲಿಲ್ಲ. ರಾತ್ರಿ ಮನೆಯಲ್ಲಿ ಅವರು ಉಣ್ಣುವುದನ್ನೇ ನೋಡುತ್ತಾ ಕೂತೆ.

ಬೆಳಿಗ್ಗೆ ಅವರ ಹಿಂದೆಯೇ ಗೇಟಿಗೆ ಹೋದೆ. ಶಿವಮೊಗ್ಗದ ಮೊದಲನೇ ಬಸ್ಸಿಗೆ ಯಶೋಧರಾ ಬಂದು ನಿಂತಿದ್ದಳು, ತಲೆ ಸರಿಯಾಗಿ ಬಾಚಿರಲಿಲ್ಲ. ನನ್ನ ಕೈ ಹಿಡಿದಳು.

ಶಿವಮೊಗ್ಗದಿಂದ ಬಂದ ಪಟ್ಟಿ ಬಿಚ್ಚಿ ಗೇಟಿನವನು ಕೂಗುತ್ತಾ ಹೋದ. ಭೈರಪ್ಪನ ಹೆಸರೂ ಕೂಗಿದ. ಯಾರೂ ಓ ಅನ್ನಲಿಲ್ಲ. ಆಮೇಲೆ, "ಪುಟ್ಟಯ್ಯ."

ಅವರು ಒಳಗೆ ಹೋದರು. ಯಶೋಧರಾ ನನ್ನ ಕೈ ಬಿಡಲಿಲ್ಲ. ಇನ್ನೂ ನಾಲ್ಕು ಹೆಸರು ಕೇಳಿಸಿಕೊಂಡ ಮೇಲೇ ಬಿಟ್ಟಿದ್ದು.