ಗೋಡೆಯ ವ್ಯಾಖ್ಯೆ

ನಾನು ಶಹಾಪುರದ ಪುರಸಭೆಯಲ್ಲಿ ಗುಮಾಸ್ತೆಯಾಗಿ ಸೇರಿದಾಗ ಕಾಲುವೆಗೆ ನೀರು ಬಂದು ಕೆಲವು ವರ್ಷಗಳಾಗಿದ್ದವು. ನೀರಿನ ಹಿಂದೆ ಭತ್ತ ಬಂತು, ಭತ್ತದ ಹಿಂದೆ ಅಕ್ಕಿ ಗಿರಣಿ, ಗಿರಣಿಯ ಹಿಂದೆ ಜನ. ಊರು ಗುಡ್ಡದ ಬುಡದ ತನಕ ಬೆಳೆಯಿತು. ಊರಿನ ನಿಯಮಗಳು ಮಾತ್ರ ಇದ್ದಲ್ಲೇ ಇದ್ದವು. ಅರ್ಧ ನಿಜಾಮರ ಕಾಲದ ಉರ್ದುವಿನಲ್ಲಿ, ಉಳಿದರ್ಧ ಇಂಗ್ಲಿಷಿನಲ್ಲಿ. ಎರಡನ್ನೂ ಯಾರೂ ಓದುತ್ತಿರಲಿಲ್ಲವಾದ್ದರಿಂದ ಜಗಳವೂ ಇರಲಿಲ್ಲ. ಎಲ್ಲವನ್ನೂ ಸೇರಿಸಿ ಕನ್ನಡದಲ್ಲಿ ಹೊಸ ಉಪವಿಧಿ ಬರೆಯಬೇಕು, ಸರಕಾರದ ಮಂಜೂರಾತಿ ಬರುವ ತನಕ ಕರಡಿನ ಪ್ರಕಾರವೇ ನಡೆಯಬೇಕು ಎಂದು ಸಭೆ ಠರಾವು ಮಾಡಿತು. ಕನ್ನಡ ಬೆರಳಚ್ಚು ಬರುವವಳು ನಾನೊಬ್ಬಳೇ. ಹೀಗಾಗಿ ಕೆಲಸ ನನ್ನ ಮೇಜಿಗೆ ಬಂತು.

ಉರ್ದು ಓದಿ ಹೇಳಲು ಒಬ್ಬ ನಿವೃತ್ತ ಗುಮಾಸ್ತರನ್ನು ಕರೆಸಿದರು. ಇಡೀ ಕಚೇರಿ ಅವರನ್ನು ಚಾಚಾ ಎನ್ನುತ್ತಿತ್ತು. ಅವರು ದಿನಾ ಹನ್ನೊಂದಕ್ಕೆ ಬಂದು, ಕನ್ನಡಕ ಒರೆಸಿ, ಹಳೆಯ ಕಡತ ತೆರೆದು, ಒಂದು ವಾಕ್ಯ ಓದಿ, ಅದರಲ್ಲಿನ ತಪ್ಪು ತೋರಿಸಿ, ಆಮೇಲೆ ಅರ್ಥ ಹೇಳುತ್ತಿದ್ದರು.

ಮೊದಲ ಅಧ್ಯಾಯ ಶಬ್ದಗಳ ಅರ್ಥದ್ದು. ಈ ಉಪವಿಧಿಗಳಲ್ಲಿ ರಸ್ತೆ ಎಂದರೆ ಏನು, ಚರಂಡಿ ಎಂದರೆ ಏನು, ಜಾನುವಾರು ಎಂದರೆ ಏನು. ರಸ್ತೆಗೆ ಎರಡು ದಿನ ಹಿಡಿಯಿತು. ಜಾನುವಾರಿನಲ್ಲಿ ನಾನು ಕೋಳಿಯನ್ನು ಸೇರಿಸಿದ್ದೆ. ಚಾಚಾ ಅದರ ಮೇಲೆ ಬೆರಳಿಟ್ಟು, "ಕೋಳಿ ರಸ್ತಾದ ಮ್ಯಾಲ ತಿರುಗಿದ್ರ ದಂಡಾ ಹಾಕ್ತೀರೇನಮ್ಮಾ?" ಎಂದರು.

"ಹಾಕಬೇಕಾಗ್ತದ ಚಾಚಾ. ಕಲಂ ಹಂಗಽ ಅದ."

"ಹಿಡಿಯೋವ್ರು ಯಾರು?"

ಕೋಳಿಯನ್ನು ತೆಗೆದುಹಾಕಿದೆವು.

ಮನೆಯ ವ್ಯಾಖ್ಯೆಯನ್ನು ಮಾತ್ರ ನಾನು ಯಾರನ್ನೂ ಕೇಳದೆ ಬರೆದೆ. ಆಗ ನಾವು ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನಲ್ಲಿದ್ದೆವು. ನನ್ನ ಗಂಡನಿಗೆ ಅಲ್ಲಿ ನೌಕರಿ. ಕ್ಯಾಂಪಿನಲ್ಲಿ ಎಲ್ಲ ಮನೆಗಳೂ ಒಂದೇ ಅಳತೆಯವು, ಎಲ್ಲದರ ಮೇಲೂ ಬಿಳಿ ಬಣ್ಣದ ನಂಬರು. ಒಂದು ಸಂಜೆ ಅಡುಗೆಮನೆಯಲ್ಲಿ ಕೂತು ಬರೆದೆ: "ಮನೆ ಎಂದರೆ ನಾಲ್ಕು ಗೋಡೆ, ಒಂದು ಛಾವಣಿ ಮತ್ತು ಒಂದು ಬಾಗಿಲು ಉಳ್ಳ, ಮನುಷ್ಯರು ವಾಸಿಸುವ ಕಟ್ಟಡ." ನಾಲ್ಕು ಗೋಡೆ ಬೇಕೆಂದು ಬರೆದದ್ದಕ್ಕೆ ಕಾರಣವಿತ್ತು. ಖಾಲಿ ಜಾಗದಲ್ಲಿ ನಾಲ್ಕು ಕೋಲು ನೆಟ್ಟು, ಮೇಲೆ ತಗಡು ಹಾಕಿ, ಮನೆ ನಂಬರ್ ಕೊಡಿ ಎಂದು ಬರುವವರು ಹೆಚ್ಚಾಗಿದ್ದರು. ಮುಖ್ಯಾಧಿಕಾರಿಗಳು ಓದಿ, ಪಕ್ಕದಲ್ಲಿ ಕೆಂಪು ಮಸಿಯಲ್ಲಿ "ಚೆನ್ನಾಗಿದೆ" ಎಂದು ಬರೆದರು. ಆ ಕಚೇರಿಯಲ್ಲಿ ಕೆಂಪು ಮಸಿಯಿಂದ ಒಳ್ಳೆಯ ಮಾತು ಬಂದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಆ ಹಾಳೆಯನ್ನು ಎರಡು ದಿನ ಮೇಜಿನ ಮೇಲೆಯೇ ಇಟ್ಟಿದ್ದೆ.

ಆ ಬೇಸಿಗೆಯಲ್ಲಿ ಒಬ್ಬ ಹೆಂಗಸು ನನ್ನ ಮೇಜಿನ ಮುಂದೆ ಬಂದು ನಿಂತಳು. ನಲವತ್ತರ ಆಸುಪಾಸು. ಗುರುಮಠಕಲ್ ಕಡೆಯ ಹಳ್ಳಿಯಿಂದ ಕಾಲುವೆ ಕೆಲಸಕ್ಕೆಂದು ಗಂಡನ ಜೊತೆ ಬಂದವಳು. ಗಂಡ ತೀರಿಕೊಂಡ ಮೇಲೆ ಮಗಳನ್ನು ಕಟ್ಟಿಕೊಂಡು ಇಲ್ಲೇ ಉಳಿದಿದ್ದಳು. ಕಲ್ಲು ಕಟ್ಟುವವರ ಕೈಕೆಳಗೆ ದುಡಿಯುತ್ತಿದ್ದಳು. ರೇಷನ್ ಕಾರ್ಡಿಗೆ ಮನೆ ನಂಬರು ಬೇಕಾಗಿತ್ತು. ನಮ್ಮ ಬಿಲ್ ಕಲೆಕ್ಟರ್ ಹೋಗಿ ನೋಡಿ, "ಗೋಡೆ ಮೂರು, ನಂಬರು ಕೊಡಲು ಬರುವುದಿಲ್ಲ" ಎಂದು ಷರಾ ಬರೆದಿದ್ದ.

"ಬಾಯಾರ, ಮೂರು ಗೋಡಿ ಅದಾವ ಅಂತ ಬರದಾನ ನಿಮ್ಮಾಂವ. ನಾಕ ಅದಾವ. ಅವಂಗ ಎಣಿಸಾಕ ಬರಂಗಿಲ್ಲ."

ನಾನು ಷರಾ ಪೂರ್ತಿ ಓದಿದೆ. "ನಾಲ್ಕನೇದು ಗುಡ್ಡದ ಗುಂಡುಗಲ್ಲು ಅಂತ ಬರದಾನ."

"ಹೌದ್ರಿ. ಅದಽ ಗೋಡಿ."

"ಗೋಡಿ ಅಂದ್ರ ಕಟ್ಟಿದ್ದು ಇರಬೇಕ್ರಿ."

"ಉಳದ ಮೂರು ನಾನಽ ಕಟ್ಟೀನಿ. ಎರಡು ಮಳಿಗಾಲದಾಗ ಎರಡು ಸಲ ಬಿದ್ದಾವ. ಅದೊಂದು ಬಿದ್ದಿಲ್ಲ."

ನಿಯಮ ಹಾಗಿದೆ ಎಂದೆ. ಹಾಗಾದರೆ ಆ ನಿಯಮ ಓದಿ ಹೇಳಿ ಎಂದಳು. ಓದಿದೆ. ಅವಳು ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ ಕೊನೆಯ ತನಕ ಕೇಳಿದಳು.

"ಚಂದ ಬರದೀರಿ," ಎಂದಳು. "ಯಾರ ಮನಿ ಇದು?"

"ಯಾರದೂ ಅಲ್ರಿ. ಎಲ್ಲಾರ ಮನಿಗೂ ಸೇರಿಸಿ ಬರದದ್ದು."

"ನಂದು ಬಿಟ್ಟು," ಎಂದು ಹೇಳಿ, ಚೀಲ ಎತ್ತಿಕೊಂಡು ಹೊರಟುಹೋದಳು. ಅವಳು ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಕೂಗಾಡುವವರನ್ನು ಹೇಗೆ ಸಾಗಹಾಕಬೇಕೆಂದು ಕಚೇರಿ ಕಲಿಸಿತ್ತು. ಅವತ್ತು ಮಧ್ಯಾಹ್ನ ಬುತ್ತಿ ಬಿಚ್ಚಿದವಳು ಹಾಗೇ ಕಟ್ಟಿಟ್ಟೆ.

ಎದುರಿನ ಮೇಜಿನಲ್ಲಿದ್ದ ಚಾಚಾ ಎಲ್ಲವನ್ನೂ ಕೇಳಿಸಿಕೊಂಡಿದ್ದರು. "ಮನಿ ಅಂದ್ರ ಏನಂತ ಬರದಿ," ಎಂದರು. "ಗೋಡಿ ಅಂದ್ರ ಏನಂತ ಬರದೀಯೇನು?"

"ಇಲ್ಲ ಚಾಚಾ. ಗೋಡಿ ಎಲ್ಲಾರಿಗೂ ಗೊತ್ತದಲ್ಲ."

"ಹಂಗಂದ್ರ ಎಲ್ಲಾರನೂ ಕೇಳು." ಅವರು ಹಳೆಯ ಉರ್ದು ಕಡತದ ಕೊನೆಯ ಹಾಳೆ ತೆಗೆದು ಓದಿದರು. ಅರ್ಥ ಹೇಳದೆ ಬಿಟ್ಟ ಶಬ್ದವನ್ನು ಆ ಊರಿನ ಜನ ರೂಢಿಯಲ್ಲಿ ಯಾವ ಅರ್ಥದಲ್ಲಿ ಬಳಸುತ್ತಾರೋ ಅದೇ ಅರ್ಥದಲ್ಲಿ ತಿಳಿಯಬೇಕು ಎಂದಿತ್ತು. ನಮ್ಮ ಕರಡಿನ ಕೊನೆಯಲ್ಲೂ ಅದೇ ಕಲಂ ಇತ್ತು. ಬೆರಳಚ್ಚು ಮಾಡಿದವಳೇ ನಾನು. ಅದು ಬೆರಳಿನಿಂದ ಹಾದುಹೋಗಿತ್ತು, ತಲೆಗೆ ಹೋಗಿರಲಿಲ್ಲ.

ಮುಖ್ಯಾಧಿಕಾರಿಗಳಿಗೆ ಹೇಳಿದೆ. ಅವರು ಗಡಿಯಾರ ನೋಡಿ, "ಹೋಗಿ ಪಂಚನಾಮೆ ಮಾಡ್ಕೊಂಡು ಬರ್ರಿ. ನೀವು ಹೇಳಿಕೊಟ್ಟು ಬರೆಸಬ್ಯಾಡ್ರಿ," ಎಂದರು.

ಮರುದಿನ ಬಿಲ್ ಕಲೆಕ್ಟರನ ಜೊತೆ ಗುಡ್ಡದ ಬುಡಕ್ಕೆ ಹೋದೆ. ಆನೆ ಗಾತ್ರದ ಒಂದು ಬಂಡೆ. ಅದಕ್ಕೆ ಆನಿಸಿ ಕಲ್ಲು ಮಣ್ಣಿನ ಮೂರು ಗೋಡೆ, ಮೇಲೆ ತಗಡು. ಬಾಗಿಲಿಗೆ ಚಿಲಕವಿತ್ತು. ಓಣಿಯ ನಾಲ್ಕು ಜನರನ್ನು ಸೇರಿಸಿದೆ. ಅವಳು ಬಾಗಿಲಲ್ಲಿ ನಿಂತಿದ್ದಳು, ಮಾತಾಡಬಾರದೆಂದು ಹೇಳಿದ್ದೆ.

ಎದುರು ಮನೆಯ ಮುದುಕಿಯನ್ನು ಮೊದಲು ಕೇಳಿದೆ. "ಈ ಮನಿ ಹಿಂದಿನ ಬಾಜೂ ಏನದ ಆಯಿ?"

"ಗೋಡಿ ಅದ."

"ಎಂಥಾ ಗೋಡಿ?"

"ಕರೇ ಗೋಡಿ."

ಮತ್ತಿಬ್ಬರೂ ಗೋಡೆ ಎಂದರು. ನಾಲ್ಕನೆಯವನು ಅಕ್ಕಿ ಗಿರಣಿಯ ಹಮಾಲ, ತೂಕದ ಮನುಷ್ಯ. ಅವನು ಸ್ವಲ್ಪ ಯೋಚಿಸಿ, "ಗುಡ್ಡ ಅದ್ರಿ," ಎಂದ. ಬಾಗಿಲಲ್ಲಿದ್ದವಳು ಅವನನ್ನು ನೋಡಿದಳು. ಅವನು ಮತ್ತೆ ಯೋಚಿಸಿದ. "ಹೊರಗಿಂದ ಗುಡ್ಡ. ಒಳಗಿಂದ ಗೋಡಿ."

ಹಾಗೇ ಬರೆದುಕೊಂಡೆ.

ಒಳಗೆ ಕರೆದಳು. ಬಂಡೆಗೆ ಕೈ ಎಟಕುವಷ್ಟು ಎತ್ತರಕ್ಕೆ ಸುಣ್ಣ ಬಳಿದಿದ್ದಳು, ಅಲ್ಲಿಂದ ಮೇಲಕ್ಕೆ ಕಲ್ಲಿನ ಕಪ್ಪು. ಬಂಡೆಯ ಒಂದು ಸೀಳಿನಲ್ಲಿ ಬಾಚಣಿಗೆ, ಕನ್ನಡಿ, ಮಗಳ ಶಾಲೆಯ ಪುಸ್ತಕಗಳನ್ನು ಒಪ್ಪವಾಗಿ ಇಟ್ಟಿದ್ದಳು. ಹೊರಗೆ ಶಹಾಪುರದ ಮೇ ತಿಂಗಳು. ನಾನು ಬಂಡೆಗೆ ಅಂಗೈ ಇಟ್ಟೆ, ತಣ್ಣಗಿತ್ತು.

"ಮಳ್ಯಾಗ ಸೋರತದೇನ್ರಿ?"

"ಅಂಚಿನಾಗ ಸೋರತದ. ಅದು ತಗಡಿನ ತಪ್ಪು," ಎಂದಳು.

ಚಹಾ ಕೊಟ್ಟಳು. ಪಂಚನಾಮೆಗೆ ಹೋದಾಗ ಚಹಾ ಕುಡಿಯಬಾರದೆಂಬುದು ಗೊತ್ತಿತ್ತು. ಕುಡಿದೆ. ಬಿಲ್ ಕಲೆಕ್ಟರ್ ಎರಡು ಸಲ ಕುಡಿದ.

ಮುಖ್ಯಾಧಿಕಾರಿಗಳು ಪಂಚನಾಮೆಯನ್ನು ಓದಿ ಹಮಾಲನ ಮಾತಿನ ಹತ್ತಿರ ನಿಂತರು. "ಹೊರಗಿಂದ ಗುಡ್ಡ, ಒಳಗಿಂದ ಗೋಡಿ. ನಾವು ಯಾವ ಕಡೆಯಿಂದ ನೋಡಬೇಕು?"

ನಾನು ಬಾಯಿ ತೆರೆಯುವ ಮೊದಲೇ ಚಾಚಾ ಹೇಳಿದರು. "ಮನುಷ್ಯರು ವಾಸಿಸುವ ಅಂತ ಅದ್ರಿ ಸಾಹೇಬ್ರ. ವಾಸ ಒಳಗಽ ಮಾಡ್ತಾರ."

ಮುಖ್ಯಾಧಿಕಾರಿಗಳು ಸಹಿ ಹಾಕಿದರು. ಅವಳ ಮನೆಗೆ ನಂಬರು ಬಂತು. ಬಿಲ್ ಕಲೆಕ್ಟರನೇ ಹೋಗಿ ಬಾಗಿಲ ಮೇಲೆ ಬರೆದು ಬಂದ. ನಾನು ರಿಜಿಸ್ಟರಿನಲ್ಲಿ ನಾಲ್ಕು ದಿಕ್ಕಿನ ಗೋಡೆಗಳನ್ನು ತುಂಬಿದೆ. ಮೂರು ಕಡೆ ಕಲ್ಲು ಮಣ್ಣು, ಪಶ್ಚಿಮಕ್ಕೆ ಕಲ್ಲು. ಒಂದೂ ಸುಳ್ಳಲ್ಲ.

ಅಷ್ಟಕ್ಕೇ ಬಿಟ್ಟಿದ್ದರೆ ಸಾಕಿತ್ತು. ಮುಂದೆ ತಕರಾರು ಬರಬಾರದೆಂದು ಮುಖ್ಯಾಧಿಕಾರಿಗಳು, "ಗೋಡೆ ಎಂಬುದು ಬಂಡೆಯನ್ನೂ ಒಳಗೊಳ್ಳುತ್ತದೆ" ಎಂದು ಕರಡಿನಲ್ಲಿ ಸೇರಿಸಿ ಜಿಲ್ಲೆಗೆ ಕಳಿಸಿದರು. ವರ್ಷದ ಮೇಲೆ ಉತ್ತರ ಬಂತು. ಬಂಡೆ ಎಂದರೆ ಏನು, ಅದರ ಕನಿಷ್ಠ ಎತ್ತರ ಎಷ್ಟು, ವ್ಯಾಖ್ಯೆ ನೀಡತಕ್ಕದ್ದು. ಚಾಚಾ ಮತ್ತು ನಾನು ಎರಡು ದಿನ ಕೂತೆವು. ಮೂರನೆಯ ದಿನ ಚಾಚಾ ಕನ್ನಡಕ ತೆಗೆದು, "ಇದಕ್ಕ ಕೊನಿ ಇಲ್ಲಮ್ಮಾ," ಎಂದರು. ಆ ಸಾಲನ್ನು ಹೊಡೆದುಹಾಕಿದೆವು. ಜೊತೆಗೆ, ಚಾಚಾ ಹೇಳದಿದ್ದರೂ, ನನ್ನ ವಾಕ್ಯದಿಂದ "ನಾಲ್ಕು" ಎಂಬುದನ್ನೂ ನಾನೇ ಹೊಡೆದೆ. ಮುಖ್ಯಾಧಿಕಾರಿಗಳು ಈ ಸಲ ಪಕ್ಕದಲ್ಲಿ ಏನೂ ಬರೆಯಲಿಲ್ಲ.

ನನಗೆ ಸುರಪುರಕ್ಕೆ ವರ್ಗವಾಗುವ ಹೊತ್ತಿಗೆ ಅವಳು ಮತ್ತೊಮ್ಮೆ ಬಂದಳು. ಅವಳ ಬೆನ್ನ ಹಿಂದೆ, ಊರಿನಿಂದ ಬಂದಿದ್ದ ತಮ್ಮ ನಿಂತಿದ್ದ. ಬಂಡೆಯ ಆಚೆ ಬದಿಗೆ ಅವನೂ ಮೂರು ಗೋಡೆ ಕಟ್ಟಿದ್ದ.

"ಇವಂಗೂ ನಂಬರ್ ಬೇಕ್ರಿ ಬಾಯಾರ. ನಾಕನೇ ಗೋಡಿ ನಿಮ್ಮ ಪುಸ್ತಕದಾಗ ಆಗಲೇ ಅದ."

"ನಾಲ್ಕು" ಎಂಬುದನ್ನೇ ನಾನು ಹೊಡೆದುಹಾಕಿದ್ದು ಅವಳಿಗೆ ಗೊತ್ತಿರಲಿಲ್ಲ. ಒಂದೇ ಗೋಡೆ ಎರಡು ಮನೆಗೆ ನಡೆಯುತ್ತದೆಯೇ ಎಂಬ ಬಗ್ಗೆಯೂ ಉಪವಿಧಿಯಲ್ಲಿ ಏನೂ ಇರಲಿಲ್ಲ. ಅರ್ಜಿ ತೆಗೆದುಕೊಂಡು, ಅವನಿಗೆ ಸಹಿ ಮಾಡುವ ಜಾಗ ತೋರಿಸಿದೆ.