ಓಸ್ತಾಪನ ಬಿಳಿ ಚಡ್ಡಿ

ಪ್ಸೆಲ್ ನದಿ ದಂಡೆಯ ಆ ಪುಟ್ಟ ಊರಿನ ಫುಟ್‌ಬಾಲ್ ಕ್ಲಬ್ಬಿನಲ್ಲಿ ಮೆಲಾನಿಯಾ ಇಪ್ಪತ್ತೆರಡು ವರ್ಷಗಳಿಂದ ಆಟಗಾರರ ಬಟ್ಟೆ ಒಗೆಯುತ್ತಿದ್ದಳು. ಒಂದು ದಿನವೂ ಆಟ ನೋಡಿದವಳಲ್ಲ. ಯಾರು ಮೈ ಬಗ್ಗಿಸಿ ಆಡಿದರು, ಯಾರು ಮೈಗಳ್ಳರು ಎಂಬುದನ್ನು ಕೊಳೆಯೇ ಹೇಳುತ್ತದೆ ಎನ್ನುವುದು ಅವಳ ಹಮ್ಮು. ಊರೂ ಅವಳ ಮಾತನ್ನು ನಂಬುತ್ತಿತ್ತು.

ಹಾಗಿರುವಾಗ ಓಸ್ತಾಪ್ ಬಂದ. ಗೋಲು ಹೊಡೆಯುವವನಲ್ಲ, ಗೋಲಿಯ ಮುಂದೆ ನಿಂತು ಎದುರಾಳಿಗಳನ್ನು ತಡೆಯುವವನು. ಆದರೂ ಎರಡೇ ತಿಂಗಳಲ್ಲಿ ಊರಿಗೆ ಊರೇ ಅವನ ಹೆಸರು ಜಪಿಸತೊಡಗಿತು. ಕ್ಷೌರದಂಗಡಿಯಲ್ಲಿ ಅವನ ಫೋಟೊ, ಸಂತೆಯಲ್ಲಿ ಅವನಿಗೆ ಪುಕ್ಕಟೆ ಸೇಬು. ಮೆಲಾನಿಯಾಳಿಗೆ ಮಾತ್ರ ಯಾಕೋ ಸರಿಕಾಣಲಿಲ್ಲ. ಅಕ್ಟೋಬರಿನ ಕೆಸರಿನಲ್ಲಿ ಉಳಿದ ಹತ್ತು ಜನರ ಚಡ್ಡಿ ಕಪ್ಪಗಾಗಿ ಬಂದರೆ ಅವನದೊಂದೇ ಬೆಳ್ಳಗೆ ಬರುತ್ತಿತ್ತು. ಮೂಸಿ ನೋಡಿದಳು, ಬೆವರಿತ್ತು. ಬೆವರೇನು, ಒಲೆ ಮುಂದೆ ಕೂತರೂ ಬರುತ್ತದೆ.

ಬ್ರೆಡ್ ಅಂಗಡಿಯ ಸಾಲಿನಲ್ಲಿ, ಸೂರ್ಯಕಾಂತಿ ಬೀಜ ಮಾರುವ ಹೊರ್ಪಿನಾಳ ಕಿವಿಗೆ ಹಾಕಿದಳು. "ಮಂಡಿಗೆ ಒಂದು ಚೂರು ಮಣ್ಣು ಹತ್ತಲ್ಲ ಕಣೇ. ಕಾಲು ಜೋಪಾನ ಮಾಡ್ಕೊಳ್ತಿದಾನೆ. ಯಾವುದೋ ದೊಡ್ಡ ಕ್ಲಬ್ಬಿಗೆ ಹಾರೋ ಯೋಚ್ನೆ."

"ಇಲ್ಲಾಂದ್ರೆ ಎದುರು ಪಾರ್ಟಿಯವ್ರು ಕೊಂಡ್ಕೊಂಡಿರ್ತಾರೆ," ಎಂದು ಹೊರ್ಪಿನಾ ಬೀಜದ ಸಿಪ್ಪೆ ಉಗಿದಳು.

ಅಷ್ಟೇ ಸಾಕಾಯಿತು. ಮುಂದಿನ ಭಾನುವಾರ ಅದೇ ಜನ ಕೂಗಿದರು, "ಏಯ್ ಮದುಮಗ! ಬಟ್ಟೆ ಕೊಳೆಯಾದೀತು, ಜೋಪಾನ!" ಅವನು ಬಂದ ಮೇಲೆ ಎದುರಾಳಿಗಳಿಂದ ತಂಡಕ್ಕೆ ಒಂದೂ ಗೋಲು ಬಿದ್ದಿಲ್ಲ ಎಂಬುದು ಯಾರ ತಲೆಗೂ ಹೋಗಲಿಲ್ಲ.

ಹುಲ್ಲು ಕತ್ತರಿಸುವ ಮುದುಕ ಯುಖಿಮ್ ಒಗೆಯುವ ಕೋಣೆಗೇ ಬಂದು ರೇಗಿದ. "ಒಂದ್ಸಲ ಬಂದು ಆಟ ನೋಡೇ ಮಾರಾಯ್ತಿ. ಬೀಳೋದು ತಡವಾಗಿ ಓಡಿ ಬಂದವ್ನು. ಇವ್ನು ಚೆಂಡು ಬರೋ ಮೊದ್ಲೇ ಅಲ್ಲಿ ನಿಂತಿರ್ತಾನೆ."

"ನಿಂಗೇನು ಕೊಟ್ಟ ಅವ್ನು?" ಎಂದಳು ಮೆಲಾನಿಯಾ.

ಆದರೂ ಕೊನೆಯ ಪಂದ್ಯಕ್ಕೆ ಹೋದಳು. ಗೆದ್ದರೆ ತಂಡ ಮೇಲಿನ ದರ್ಜೆಗೆ ಏರುತ್ತಿತ್ತು. ಮೊದಲು ಓಸ್ತಾಪ್ ಸುಮ್ಮನೆ ನಿಂತಿದ್ದ, ಚೆಂಡು ಕರೆದಂತೆ ಅವನ ಕಾಲಿಗೇ ಬರುತ್ತಿತ್ತು. ಜನ ಮತ್ತೆ "ಮದುಮಗ" ಎಂದರು. ಅವನು ತಲೆಯೆತ್ತಿ ಜನರ ಕಡೆ ನೋಡಿದ. ಆಮೇಲೆ ಜಾಗ ಬಿಟ್ಟು ಚೆಂಡಿನ ಹಿಂದೆ ಓಡಿ ಕೆಸರಿಗೆ ಬಿದ್ದ. ಜನ ಎದ್ದು ನಿಂತು ಅವನ ಹೆಸರು ಕೂಗಿದರು. ಮತ್ತೆ ಬಿದ್ದ. ಮೂರನೆಯ ಸಲ ಬಿದ್ದಾಗ, ಅವನು ಬಿಟ್ಟುಬಂದ ಆ ಖಾಲಿ ಜಾಗದಲ್ಲೇ ಎದುರಾಳಿ ನುಗ್ಗಿ ಗೋಲು ಹೊಡೆದ. ತಂಡ ಸೋತಿತು.

ಸಂಜೆ ಅವನೇ ಚಡ್ಡಿ ತಂದು ಅವಳ ಮುಂದಿಟ್ಟ. ಹಿಂಡಿದರೆ ಕೆಸರು ಸುರಿಯುವಂತಿತ್ತು.

"ಇಷ್ಟು ಸಾಕಾ ಚಿಕ್ಕಮ್ಮಾ?"

ಮೆಲಾನಿಯಾ ಚಡ್ಡಿಯನ್ನು ನೀರಿಗೆ ಹಾಕಿದಳು. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

ಮರುದಿನ ಬ್ರೆಡ್ಡಿನ ಸಾಲಿನಲ್ಲಿ ಹೊರ್ಪಿನಾ ಹಿಗ್ಗಿ ಹೇಳಿದಳು, "ಸೋತ್ರೇನಂತೆ, ನಿನ್ನೆ ಜೀವ ಒತ್ತೆಯಿಟ್ಟು ಆಡಿದ ನೋಡು! ಈಗ ನಮ್ಮ ಹುಡುಗ ಅವ್ನು."

"ಇಲ್ಲ ಕಣೇ," ಎಂದಳು ಮೆಲಾನಿಯಾ. "ನಾವೇ ಅವ್ನನ್ನ ಕೆಡಿಸಿದ್ದು. ಚಡ್ಡಿ ಬೆಳ್ಳಗಿದ್ದಾಗ್ಲೇ ಅವ್ನು ಚೆನ್ನಾಗಿ ಆಡ್ತಿದ್ದ."

ಹೊರ್ಪಿನಾ ಬೀಜ ಕಡಿಯುವುದನ್ನು ನಿಲ್ಲಿಸಿ ಅವಳನ್ನು ಅಡಿಯಿಂದ ಮುಡಿವರೆಗೆ ನೋಡಿದಳು.

"ನಿಂಗೇನು ಕೊಟ್ಟ ಅವ್ನು?"