ಉಳಿದರ್ಧ ಸಮುದ್ರದ್ದು

‘ನಿನ್ನ ಅಜ್ಜ ಎಂತ ಕೆಲಸದಲ್ಲಿದ್ದರು?’ ಎಂದು ಶಾಲೆಯಲ್ಲಿ ಕ್ಲಾರಾ ಟೀಚರ್ ಕೇಳಿದಾಗ ನಾನು ಎದ್ದು ನಿಂತು, ‘ಮಿಲಿಟ್ರಿಯಲ್ಲಿ ಚಪ್ಪರ ಹಾಕುತ್ತಿದ್ದರು’ ಎಂದು ಹೆಮ್ಮೆಯಿಂದ ಹೇಳಿದವನು. ತಪ್ಪು ನನ್ನದಲ್ಲ, ಕಿವಿಯದು. ಕೊಂಕಣಿಯಲ್ಲಿ ನಾವು ಆಬ್ ಎಂದು ಕರೆಯುವ ಅಜ್ಜ ‘ನಾನು ಸ್ಯಾಪರ್ ಆಗಿದ್ದೆ’ ಎನ್ನುತ್ತಿದ್ದರು. ಸ್ಯಾಪರ್ ಎಂದರೆ ಸೈನ್ಯಕ್ಕೆ ದಾರಿ, ಸೇತುವೆ, ಬಾವಿ ಮಾಡಿಕೊಡುವ ಸೈನಿಕ. ನನಗೆ ಕೇಳಿಸಿದ್ದು ಚಪ್ಪರ. ಗಡಿಯಲ್ಲಿ ಅಷ್ಟೊಂದು ಮದುವೆ ಯಾರದ್ದು ಎಂಬ ಸಂಶಯ ಕೂಡ ನನಗೆ ಬಂದಿರಲಿಲ್ಲ. ಟೀಚರ್ ಇದನ್ನು ಭಾನುವಾರ ಇಗರ್ಜಿಯ ಅಂಗಳದಲ್ಲಿ ಆಬ್ ಕಿವಿಗೆ ಹಾಕಿದರು. ಆಬ್ ನಕ್ಕು, ‘ಸರಿಯಾಗಿಯೇ ಹೇಳಿದ್ದಾನೆ ಟೀಚರ್. ಹಾಕುವವರು ನಾವು, ಅಡಿಯಲ್ಲಿ ಕೂತು ಉಣ್ಣುವವರು ಬೇರೆ’ ಎಂದರಂತೆ.

ಈಗ ನಾನು ಮಣಿಪಾಲದಲ್ಲಿ ನೀರಿನ ಫಿಲ್ಟರ್ ಮಾರುವ ಕಂಪನಿಯಲ್ಲಿ ಸಂಬಳಕ್ಕಿದ್ದೇನೆ. ಜೀವಮಾನವಿಡೀ ಬಾವಿ ತೋಡಿದವರ ಮೊಮ್ಮಗ ಮನೆಮನೆ ಹತ್ತಿ ‘ಬಾವಿ ನೀರು ನಂಬಬೇಡಿ’ ಎಂದು ಜನರನ್ನು ಹೆದರಿಸುತ್ತಾನೆ. ಟೈ ಬೇರೆ ಕಟ್ಟಬೇಕು. ಮೊದಲ ದಿನ ಅದನ್ನು ನೋಡಿ ಆಬ್ ಕೇಳಿದ್ದರು: ‘ಹಗ್ಗ ನಾನೂ ಕಟ್ಟಿದ್ದೇನೆ ಪುತಾ, ಸೊಂಟಕ್ಕೆ. ನಿನಗೆ ಯಾಕೆ ಕುತ್ತಿಗೆಗೆ ಕಟ್ಟಿದರು?’

ಇಷ್ಟು ಹೇಳಿದ್ದು ನನ್ನ ಯೋಗ್ಯತೆ ತಿಳಿದಿರಲಿ ಎಂದು. ಇನ್ನು ಸಿಟ್ಟಿನ ವಿಷಯ.

ಕಳೆದ ವರ್ಷ ಆಬ್ ತೀರಿಕೊಂಡ ಮರುದಿನವೇ ನಮ್ಮೂರು ಕೆಮ್ಮಣ್ಣಿನ ದಾರಿಯಲ್ಲಿ ದೊಡ್ಡದೊಂದು ಫ್ಲೆಕ್ಸ್ ಎದ್ದಿತು. ‘ವೀರಯೋಧ ಕರ್ನಲ್ ಲಿಗೋರಿ ಅವರಿಗೆ ಭಾವಪೂರ್ಣ ಶ್ರದ್ಧಾಂಜಲಿ.’ ಆಬ್ ಕರ್ನಲ್ ಲಿಗೋರಿ ಅಲ್ಲ, ಲಿಗೋರಿ ಕರ್ನೇಲಿಯೊ. ಅದು ನಮ್ಮ ಮನೆತನದ ಹೆಸರು. ಯಾರೋ ಅದರ ಬಾಲ ಕತ್ತರಿಸಿ ಮುಂದಕ್ಕೆ ತಂದು ಬಡ್ತಿ ಕೊಟ್ಟುಬಿಟ್ಟಿದ್ದರು. ಆಬ್ ತಲೆಯನ್ನು ಬಂದೂಕು ಹಿಡಿದ ಯಾವನೋ ತರುಣನ ಮೈಗೆ ಅಂಟಿಸಿದ್ದರು. ಅವರ ಕೈಯಲ್ಲಿ ನಾನು ಬಂದೂಕನ್ನು ಕಂಡದ್ದೇ ಇಲ್ಲ. ಹಾರೆ ಕಂಡಿದ್ದೇನೆ, ಪಿಕ್ಕಾಸು ಕಂಡಿದ್ದೇನೆ. ಬಾವಿಯ ಬಗ್ಗೆ ಒಂದಕ್ಷರ ಇರಲಿಲ್ಲ. ಫ್ಲೆಕ್ಸ್ ಕಟ್ಟಿದ್ದು ಎಲ್ಲಿಗೆ ಅಂದುಕೊಂಡಿರಿ? ಆಬ್ ತಾವೇ ತೋಡಿ, ಮುರಕಲ್ಲು ಕಟ್ಟಿ, ಊರಿಗೆಂದು ಬಿಟ್ಟುಕೊಟ್ಟ ದಾರಿಬದಿಯ ಬಾವಿಯ ರಾಟೆಕಂಬಕ್ಕೆ! ಕಟ್ಟಿಸಿದವರು ಯಾರು? ಅದೇ ಬಾವಿಯನ್ನು ಮಣ್ಣು ಹಾಕಿ ಮುಚ್ಚಲು ಹೊರಟಿದ್ದ ದೇವದಾಸಣ್ಣ.

ಸೈನ್ಯದಿಂದ ಬಂದ ಮೇಲೆ ಆಬ್ ಹಿಡಿದದ್ದು ಬಾವಿ ಕೆಲಸವನ್ನೇ. ಕಾರ್ಕಳದ ಕಡೆ ಬಂಡೆ ಅಡ್ಡ ಬಂದರೆ ಮದ್ದು ಇಟ್ಟು ಒಡೆಯುವ ಮಿಲಿಟ್ರಿ ವಿದ್ಯೆ ಹೊರಗೆ ಬರುತ್ತಿತ್ತು. ಕಾಪು, ಮಟ್ಟು, ಕೆಮ್ಮಣ್ಣಿನಲ್ಲಿ ಕಥೆಯೇ ಬೇರೆ. ಹೊಳೆ, ಸಮುದ್ರದ ಪಕ್ಕದ ಮರಳಿನಲ್ಲಿ ಸಿಹಿನೀರು ತೆಳ್ಳಗೆ ಮೇಲೆ ನಿಂತಿರುತ್ತದೆ, ಅದರ ಕೆಳಗೆ ಉಪ್ಪು. ಆಸೆಪಟ್ಟು ಒಂದು ಮೊಳ ಹೆಚ್ಚು ಇಳಿದರೆ ಬಾವಿ ಕೆಟ್ಟಿತು. ಆಬ್ ಒದ್ದೆ ಮರಳನ್ನು ನಾಲಗೆಗೆ ತಾಗಿಸಿ ನೋಡುತ್ತಿದ್ದರು. ಸಾಕು ಎನಿಸಿದರೆ ಅಲ್ಲಿಗೆ ಹಾರೆ ಮೇಲೆ. ಮಟ್ಟುವಿನಲ್ಲಿ ಗುಳ್ಳ ಬದನೆ ಬೆಳೆಯುವ ಒಬ್ಬರು ದಂಡೆಯಲ್ಲಿ ನಿಂತು ರೇಗಿದ್ದರಂತೆ: ‘ಪೂರ್ತಿ ಸಂಬಳ ತೆಗೆದುಕೊಂಡು ಅರ್ಧ ಬಾವಿ ಯಾಕೆ ಪೊರ್ಬುಗಳೇ?’ ನಮ್ಮ ಕಡೆ ಕ್ರಿಶ್ಚಿಯನ್ ಹಿರಿಯರನ್ನು ತುಳುವರು ಮರ್ಯಾದೆಯಿಂದ ಕರೆಯುವುದು ಹಾಗೆ. ಆಬ್ ಕೆಳಗಿನಿಂದಲೇ ಕೂಗಿದರಂತೆ: ‘ಉಳಿದರ್ಧ ಸಮುದ್ರದ್ದು!’

ರಾಜಸ್ಥಾನದ ಮರಳುಗಾಡಿನಲ್ಲಿ ಸೈನ್ಯ ಆಳಕ್ಕೆ ಇಳಿಯುವುದನ್ನು ಕಲಿಸಿತು, ಊರು ನಿಲ್ಲಿಸುವುದನ್ನು ಕಲಿಸಿತು ಎಂದು ಹೇಳುತ್ತಿದ್ದರು.

ಮಾರ್ಚ್ ಕಳೆದರೆ ನಮ್ಮ ಸುತ್ತಿನ ಮನೆಬಾವಿಗಳಿಗೆ ಉಪ್ಪು ಏರುತ್ತದೆ. ಆಬ್ ತೋಡಿದ ಆ ದಾರಿಬದಿಯ ಬಾವಿಗೆ ಏರುವುದಿಲ್ಲ. ಆಗ ಅಲ್ಲಿ ಕೊಡಪಾನಗಳ ಸಾಲು. ಪಕ್ಕದ ಅಂಗನವಾಡಿಯ ಮಕ್ಕಳಿಗೂ ಅದೇ ನೀರು.

ಕೆಲವು ವರ್ಷಗಳ ಹಿಂದೆ, ಸ್ವಾತಂತ್ರ್ಯ ದಿನಕ್ಕೆ ಮುಂಚಿನ ಭಾನುವಾರ, ಗೆಳೆಯರ ಬಳಗದ ಅಧ್ಯಕ್ಷ ದೇವದಾಸಣ್ಣ ‘ಸನ್ಮಾನ ಉಂಟು, ಬರಲೇಬೇಕು’ ಎಂದು ಆಬ್‌ಗೆ ಕರೆ ಕೊಟ್ಟರು. ಏನು, ಎಲ್ಲಿ ಎಂದು ಸರಿಯಾಗಿ ಹೇಳಲಿಲ್ಲ. ಅಜ್ಜಿ ಡುಲ್ಸಿನ್ ಬಿಳಿ ಅಂಗಿಗೆ ಪದಕ ಚುಚ್ಚಿಕೊಟ್ಟಳು. ನಾನು ಬೈಕಿನಲ್ಲಿ ಕರೆದುಕೊಂಡು ಹೋದೆ. ಹೋಗಿ ನೋಡಿದರೆ ಬಾವಿಯ ಮೇಲೆಯೇ ಚಪ್ಪರ! ಬಾಯಿಗೆ ಹಲಗೆ, ಹಲಗೆಯ ಮೇಲೆ ಕೆಂಪು ಕಾರ್ಪೆಟ್. ಪಕ್ಕದಲ್ಲಿ ಒಂದು ಲೋಡ್ ಮಣ್ಣು. ಬಾವಿ ತುಂಬಿಸಿ ಮೇಲೆ ಧ್ವಜಕಟ್ಟೆ ಕಟ್ಟುವುದು. ಊರಿನ ಮಾಜಿ ಸೈನಿಕನ ಕೈಯಿಂದ ಮೊದಲ ಬುಟ್ಟಿ ಮಣ್ಣು ಹಾಕಿಸುವುದು. ಅವರ ಬಾವಿಗೆ, ಅವರ ಕೈಯಿಂದಲೇ. ಎಂಥ ಬುದ್ಧಿ ನೋಡಿ!

ಶಾಲು ಹೊದೆಸಿದರು. ಬುಟ್ಟಿ ಮುಂದೆ ಬಂತು. ಆಬ್ ಕೈ ಚಾಚಲಿಲ್ಲ.

‘ಇದರಲ್ಲಿ ನೀರು ಉಂಟಲ್ಲ ದೇವದಾಸ?’

‘ಅಯ್ಯೋ ಪೊರ್ಬುಗಳೇ, ಈಗ ಬಾವಿ ಯಾರಿಗೆ ಬೇಕು ಮಾರಾಯ್ರೆ? ನಳ್ಳಿ ಬರ್ತದಲ್ಲ.’

‘ಯಾವಾಗ?’

‘ಬರ್ತದೆ, ಬರ್ತದೆ. ಅಷ್ಟರವರೆಗೆ ನಮ್ಮ ಲೆಸ್ಟರ್ ಇದ್ದಾನಲ್ಲ, ಅವನ ಕಂಪನಿಯದ್ದೊಂದು ಫಿಲ್ಟರ್ ಇಟ್ಟರಾಯ್ತು.’

ಎಲ್ಲರೂ ನನ್ನ ಕಡೆ ತಿರುಗಿದರು. ಆ ತಿಂಗಳ ಟಾರ್ಗೆಟ್ ಮುಟ್ಟದ ನನಗೆ ಅರೆಕ್ಷಣ ಬಾಯಲ್ಲಿ ನೀರೂರಿತು ಎಂಬುದು ಸುಳ್ಳಲ್ಲ.

‘ಫಿಲ್ಟರಿಗೆ ಹಾಕುವ ನೀರು ಎಲ್ಲಿಂದ ತರುವುದು, ಪುತಾ?’ ಎಂದು ಆಬ್ ನನ್ನನ್ನೇ ಕೇಳಿದರು. ಕಂಪನಿಯ ತರಬೇತಿಯಲ್ಲಿ ಈ ಪ್ರಶ್ನೆ ಇರಲಿಲ್ಲ.

ಚಪ್ಪರದ ಅಂಚಿನಲ್ಲಿ ಖಾಲಿ ಕೊಡಪಾನ ಹಿಡಿದು ನಿಂತಿದ್ದ ಅಂಗನವಾಡಿಯ ಸ್ವರ್ಣಲತಾ ಟೀಚರ್ ಧ್ವನಿ ಎತ್ತಿದರು: ‘ಏಪ್ರಿಲ್‌ನಲ್ಲಿ ಮಕ್ಕಳಿಗೆ ಎಂತ ಕುಡಿಸಲಿ ದೇವದಾಸಣ್ಣ?’

‘ನೀವು ಸ್ವಲ್ಪ ಸುಮ್ಮನಿರಿ ಟೀಚರ್, ಪ್ರೋಗ್ರಾಂ ನಡೀತಾ ಉಂಟು.’

ನೋಡಿ, ಇವತ್ತಿಗೂ ನನ್ನ ಮೈ ಉರಿಯುವುದು ಆ ಮಾತಿಗೆ. ನೀರು ಕೇಳುವವರು ಸುಮ್ಮನಿರಬೇಕು, ಏಕೆಂದರೆ ಪ್ರೋಗ್ರಾಂ! ಜೀವಂತ ಮನುಷ್ಯ ಎದುರಿಗೆ ನಿಂತು ‘ಬೇಡ’ ಎನ್ನುತ್ತಿದ್ದರೂ ಶಾಲು ಹೊದೆಸಿ ಮುಗಿಸುವ ಗೌರವ ಇವರದ್ದು. ಸತ್ತ ಮೇಲೆ ಬಂದೂಕು ಕೊಟ್ಟದ್ದರಲ್ಲಿ ಆಶ್ಚರ್ಯವೇನು?

ದೇವದಾಸಣ್ಣನಿಗೆ ಮುಖಭಂಗವಾಯಿತು. ಮೈಕು ಕೈಯಲ್ಲೇ ಇತ್ತು. ಎಲ್ಲರಿಗೂ ಕೇಳಿಸುವಂತೆ, ನಗುತ್ತಲೇ ಕೇಳಿದರು:

‘ಬೇಜಾರು ಮಾಡಬೇಡಿ ಪೊರ್ಬುಗಳೇ. ಮಿಲಿಟ್ರಿಯಲ್ಲಿದ್ದವರು ನೀವು. ಒಂದೇ ಮಾತು ಹೇಳಿ. ನಿಮಗೆ ಬಾವುಟ ದೊಡ್ಡದಾ, ನಿಮ್ಮ ಬಾವಿ ದೊಡ್ಡದಾ?’

ಆಬ್ ಶಾಲು ತೆಗೆದು ಮಡಚಿ ದೇವದಾಸಣ್ಣನ ತೋಳಿನ ಮೇಲೆ ಇಟ್ಟರು. ಬಗ್ಗಿ ಕಾರ್ಪೆಟ್ಟಿನ ತುದಿ ಎಳೆದರು, ಒಂದು ಹಲಗೆ ಸರಿಸಿದರು, ಸ್ವರ್ಣಲತಾ ಟೀಚರ ಕೈಯಿಂದ ಕೊಡಪಾನ ತೆಗೆದುಕೊಂಡರು. ಆಮೇಲೆ ಹೇಳಿದರು:

‘ಬಾವುಟವೇ ದೊಡ್ಡದು. ಅದಕ್ಕೆ ಬಾಯಾರುವುದಿಲ್ಲ. ಆಚೆ ನೆಡು.’